ಯಾರ ಮನೆಯವರು ನೀವು? ರೆಡ್‌ಫರ್ನ್‌ನ ಒಂದು ಕೇಂದ್ರ ಮತ್ತು ಅದರ ಕೀಲಿಕೈ

2022ರ ಆಗಸ್ಟ್ ಮೊದಲ ವಾರ. ಸಿಡ್ನಿಯ ರೆಡ್‌ಫರ್ನ್‌ನಲ್ಲಿ, ಜಾರ್ಜ್ ಸ್ಟ್ರೀಟಿನ ಒಂದು ಕೇಂದ್ರದ ಸಿಬ್ಬಂದಿಯನ್ನು ಕರೆದು ಒಂದು ಸುದ್ದಿ ಹೇಳಿದರು: ಮುಂದಿನ ಸೋಮವಾರ ಬಾಗಿಲು ಹಾಕುತ್ತೇವೆ. ಸುಮಾರು 50 ಜನರ ಕೆಲಸ ಹೋಗುವುದರಲ್ಲಿತ್ತು. ಜಿಮ್, ಈಜುಕೊಳ, ಆಟದ ಮೈದಾನ, ಶಾಲೆ ಬಿಟ್ಟ ಮೇಲೆ ಮಕ್ಕಳು ಬಂದು ಸೇರುವ ಜಾಗ, ಎಲ್ಲಕ್ಕೂ ಒಂದೇ ವಾರದ ಗಡುವು. ಆ ಕೇಂದ್ರದ ಹೆಸರು ನ್ಯಾಷನಲ್ ಸೆಂಟರ್ ಆಫ್ ಇಂಡಿಜೀನಸ್ ಎಕ್ಸಲೆನ್ಸ್. ಹೆಸರು ಉದ್ದ ಆಯ್ತು, ಎಲ್ಲರೂ ಎನ್‌ಸಿಐಇ ಅಂತಲೇ ಕರೆಯುತ್ತಾರೆ.

ವಿಚಿತ್ರ ಏನು ಗೊತ್ತಾ? ಸುದ್ದಿ ಬರುವುದಕ್ಕೆ ಒಂದು ತಿಂಗಳು ಮುಂಚೆ, ಜೂನ್ 30ಕ್ಕೆ, ಆ ಜಾಗದ ಒಡೆತನ ನ್ಯೂ ಸೌತ್ ವೇಲ್ಸ್ ಅಬೊರಿಜಿನಲ್ ಲ್ಯಾಂಡ್ ಕೌನ್ಸಿಲ್‌ಗೆ ಬಂದಿತ್ತು. 1983ರ ರಾಜ್ಯ ಕಾನೂನಿನಿಂದ ಹುಟ್ಟಿದ ಸಂಸ್ಥೆ ಅದು. ಅದರ ಪ್ರತಿನಿಧಿಗಳನ್ನು ಅಬೊರಿಜಿನಲ್ ಜನರೇ, ಅಂದರೆ ಅಲ್ಲಿನ ಮೂಲನಿವಾಸಿಗಳೇ, ಓಟು ಹಾಕಿ ಆರಿಸುತ್ತಾರೆ. ಅಂದರೆ ಕಳೆದುಕೊಂಡ ನೆಲದ ಒಂದು ತುಂಡು ಮೂಲನಿವಾಸಿಗಳ ಕೈಗೆ ವಾಪಸ್ ಬಂದಿತ್ತು. ಸಂಭ್ರಮ ಪಡಬೇಕಾದ ಹೊತ್ತು. ಆದರೆ ಕೀಲಿಕೈ ಕೈಗೆ ಬಂದ ತಿಂಗಳಲ್ಲೇ ಬೀಗ ಜಡಿಯುವ ಮಾತು ಬಂತು.

ಈ ಪ್ರಕರಣದ ಬಗ್ಗೆ ಬರೆಯಲು ಅದೇ ಕಾರಣ. ಮೂಲನಿವಾಸಿಗಳ ಸಮುದಾಯ ಕೇಂದ್ರಗಳ ಬಗ್ಗೆ ಓದಿದರೆ ಸಾಮಾನ್ಯವಾಗಿ ಸಿಗುವುದು ನಗುಮುಖದ ಫೋಟೋ, ಒಳ್ಳೆ ಮಾತು. ಆದರೆ ಒಂದು ಕೇಂದ್ರ ಅಲ್ಲಿನ ಜನಕ್ಕೆ ಏನಾಗಿತ್ತು ಅನ್ನೋದು ಅದು ಮುಚ್ಚುತ್ತೆ ಅಂದಾಗ ಸರಿಯಾಗಿ ಕಾಣುತ್ತದೆ.

ನಮ್ಮಲ್ಲಿ ಸಮುದಾಯ ಭವನ ಅಂದರೆ ಏನು ನೆನಪಾಗುತ್ತೆ? ಶಾಸಕರ ಹೆಸರು ಕೆತ್ತಿದ ಕಲ್ಲು, ಬೀಗ ಹಾಕಿದ ಬಾಗಿಲು, ಕೀಲಿಗಾಗಿ ಪಂಚಾಯ್ತಿಯವರನ್ನು ಹುಡುಕಿಕೊಂಡು ಹೋಗುವುದು. ವರ್ಷಕ್ಕೆ ನಾಲ್ಕು ಮದುವೆ, ಎರಡು ನಾಮಕರಣ. ಓದುವಾಗ ಆ ಚಿತ್ರವನ್ನು ಸ್ವಲ್ಪ ಪಕ್ಕಕ್ಕಿಡಿ. ಕೀಲಿಯ ಪ್ರಶ್ನೆ ಮಾತ್ರ ನೆನಪಿರಲಿ, ಅದು ರೆಡ್‌ಫರ್ನ್‌ಗೂ ಸೇರಿದ್ದು.

ನಗರದ ನಡುವೆ ಒಂದು ಹಟ್ಟಿ

ರೆಡ್‌ಫರ್ನ್ ಗ್ಯಾಡಿಗಲ್ ಎಂಬ ಅಬೊರಿಜಿನಲ್ ಜನರ ನೆಲ. ಸಿಡ್ನಿಯ ಸೆಂಟ್ರಲ್ ರೈಲು ನಿಲ್ದಾಣದಿಂದ ಒಂದೇ ಸ್ಟಾಪ್. ಪಕ್ಕದಲ್ಲಿ ಈವ್ಲಿ ರೈಲ್ವೆ ವರ್ಕ್‌ಶಾಪ್ ಇತ್ತು. ಇಪ್ಪತ್ತನೇ ಶತಮಾನದ ಮೊದಲ ದಶಕಗಳಿಂದಲೇ ಹಳ್ಳಿ ಕಡೆಯ ಅಬೊರಿಜಿನಲ್ ಗಂಡಸರು ಕೆಲಸ ಹುಡುಕಿಕೊಂಡು ಅಲ್ಲಿಗೆ ಬಂದರು. 1960ರ ದಶಕದಲ್ಲಿ ಬರುವವರು ಇನ್ನೂ ಜಾಸ್ತಿಯಾದರು. ಸರ್ಕಾರದ ಅಧಿಕಾರಿಗಳು ಹೇಳಿದಂತೆ ಬದುಕಬೇಕಿದ್ದ ಮಿಷನ್, ರಿಸರ್ವ್‌ಗಳಿಂದ ಹೊರಬಿದ್ದವರು ಅವರು.

ಬಂದವರೆಲ್ಲ ಕೆಲಸಕ್ಕೇ ಬಂದವರಲ್ಲ. ಕೆಲವರು ಮನೆಯವರನ್ನು ಹುಡುಕಿಕೊಂಡು ಬಂದರು. ನ್ಯೂ ಸೌತ್ ವೇಲ್ಸ್‌ನಲ್ಲಿ 1915ರ ತಿದ್ದುಪಡಿಯ ನಂತರ ಅಬೊರಿಜಿನಲ್ ಮಕ್ಕಳನ್ನು ಕೋರ್ಟಿನ ಆದೇಶವೂ ಇಲ್ಲದೆ ತಂದೆ ತಾಯಿಯಿಂದ ಕಿತ್ತುಕೊಂಡು ಹೋಗುವ ಅಧಿಕಾರ ಸರ್ಕಾರಿ ಮಂಡಳಿಗೆ ಇತ್ತು. ಆ ಮಂಡಳಿ ರದ್ದಾಗಿದ್ದು 1969ರಲ್ಲಿ. ಹುಡುಗಿಯರನ್ನು ಕೂಟಮಂಡ್ರ ಎಂಬ ಊರಿನ ಸರ್ಕಾರಿ ಹಾಸ್ಟೆಲಿಗೆ ಒಯ್ದು ಮನೆಗೆಲಸ ಕಲಿಸಿದರು. ಹುಡುಗರನ್ನು ಅಂಥದ್ದೇ ಇನ್ನೊಂದು ಜಾಗ ಕಿಂಚೆಲಾಕ್ಕೆ ಒಯ್ದರು. ಕಿಂಚೆಲಾದಲ್ಲಿ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಒಬ್ಬೊಬ್ಬ ಹುಡುಗನಿಗೂ ಒಂದೊಂದು ನಂಬರ್.

ಈಗ ಇನ್ನೊಂದು ವಿಷಯ ಹೇಳಬೇಕು. ನಮ್ಮ ಊರುಗಳಲ್ಲಿ ಹೊಸಬರು ಕಂಡರೆ ಹಿರಿಯರು ಮೊದಲು ಕೇಳುವುದು ಏನು? "ಯಾವೂರಪ್ಪ? ಯಾರ ಮನೆಯವನು?" ಉತ್ತರ ಸಿಕ್ಕ ಕೂಡಲೇ ಒಂದು ಸಂಬಂಧದ ಎಳೆ ಹುಡುಕಿ ತೆಗೆಯುತ್ತಾರೆ. "ಓ, ನೀನು ನಮ್ಮ ಸಾವಿತ್ರಕ್ಕನ ಮೊಮ್ಮಗನಾ" ಅಂದಮೇಲೆ ಕಾಫಿ ಕುಡಿಯದೆ ಬಿಡುವುದಿಲ್ಲ. ಅಬೊರಿಜಿನಲ್ ಜನರಲ್ಲೂ ಹೆಚ್ಚು ಕಡಿಮೆ ಇದೇ ರೂಢಿ. ಅವರ ಮಾತಿನಲ್ಲಿ ಬಳಗಕ್ಕೆ 'ಮಾಬ್' ಅಂತಾರೆ. ಯಾವ ಮಾಬ್, ಎಲ್ಲಿಯ ಕಡೆ, ಅಜ್ಜಿ ಯಾರು, ಇದೇ ಮೊದಲ ಪ್ರಶ್ನೆ. ಹಿರಿಯರನ್ನು ಆಂಟಿ, ಅಂಕಲ್ ಎಂದು ಕರೆಯುತ್ತಾರೆ. ನಾವು ತರಕಾರಿ ಅಂಗಡಿಯಲ್ಲಿ ಕರೆದಂತೆ ಸುಮ್ನೆ ಬಾಯಿಗೆ ಬಂದ ಆಂಟಿ ಅಲ್ಲ. ಅದು ಅವರಿಗೆ ಸಮುದಾಯ ಕೊಡುವ ಮರ್ಯಾದೆ.

ನಂಬರ್ ಹಾಕಿಸಿಕೊಂಡು ಬೆಳೆದ ಹುಡುಗ ಈ ಪ್ರಶ್ನೆಗೆ ಏನು ಉತ್ತರ ಕೊಡಬೇಕು?

ರೆಡ್‌ಫರ್ನ್‌ನಲ್ಲಿ ಅವನ ಪರವಾಗಿ ಉತ್ತರ ಹುಡುಕುವವರಿದ್ದರು. ರಾಜ್ಯದ ಮೂಲೆಮೂಲೆಯಿಂದ ಬಂದ ಬಳಗಗಳು ಕೆಲವೇ ಬೀದಿಗಳಲ್ಲಿ ಒತ್ತಾಗಿ ಬದುಕುತ್ತಿದ್ದವು. ಅಡ್ಡಹೆಸರು ಹೇಳಿದರೆ "ಆ ಹೆಸರಿನವರು ಉತ್ತರದ ಕಡೆ ಇದ್ದಾರೆ, ತಡಿ, ಆಂಟಿಯನ್ನು ಕೇಳೋಣ" ಎನ್ನುವ ಜಾಗ ಅದು. 1980ರಲ್ಲಿ ಲಿಂಕ್-ಅಪ್ ಎಂಬ ಸಂಸ್ಥೆ ಇದನ್ನೇ ಕಸುಬಾಗಿ ಹಿಡಿದು, ಕಡತ ಹುಡುಕಿ ಕುಟುಂಬಗಳನ್ನು ಸೇರಿಸತೊಡಗಿತು. ಅದಕ್ಕೂ ಮುಂಚೆ ಈ ಕೆಲಸ ನಡೆದದ್ದು ಅಡುಗೆಮನೆಗಳಲ್ಲಿ, ಪಬ್‌ಗಳಲ್ಲಿ.

ಅಂಗಡಿ ಮುಂಗಟ್ಟಿನಲ್ಲಿ ಶುರುವಾದದ್ದು

ಪಬ್ ಅಂದೆ. ರೆಡ್‌ಫರ್ನ್‌ನ ಎಂಪ್ರೆಸ್ ಹೋಟೆಲ್ ಅಂಥದ್ದೊಂದು ಪಬ್. 1960ರ ದಶಕದ ಕೊನೆಯಲ್ಲಿ ಆ ಬಡಾವಣೆಯಲ್ಲಿ ಒಂದು ಅಲಿಖಿತ ಕರ್ಫ್ಯೂ ಇತ್ತು. ರಾತ್ರಿಯಾದ ಮೇಲೆ ಬೀದಿಯಲ್ಲಿ ಕಂಡ ಅಬೊರಿಜಿನಲ್ ಜನರನ್ನು ಪೊಲೀಸರು ವ್ಯಾನಿಗೆ ತುಂಬಿಕೊಂಡು ಹೋಗುತ್ತಿದ್ದರು. ಕುಡಿದಿದ್ದೀಯ, ಕೆಟ್ಟ ಮಾತಾಡಿದ್ದೀಯ ಎಂದು ಕೇಸು.

ಪಾಲ್ ಕೋ, ಗ್ಯಾರಿ ವಿಲಿಯಮ್ಸ್, ಗ್ಯಾರಿ ಫೋಲಿ ಮುಂತಾದ ಹುಡುಗರು ಇದಕ್ಕೆ ಕಂಡುಕೊಂಡ ದಾರಿ ಬಹಳ ಸರಳ. ನೋಟ್‌ಬುಕ್ ಹಿಡಿದು ನಿಂತರು. ಪೊಲೀಸರು ಎಷ್ಟು ಹೊತ್ತಿಗೆ ಬಂದರು, ಯಾರನ್ನು ಹಿಡಿದರು, ಎಲ್ಲವನ್ನೂ ಬರೆದಿಟ್ಟರು. ಆಮೇಲೆ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಕಾನೂನು ಪ್ರೊಫೆಸರ್ ಹಾಲ್ ವೂಟನ್ ಅವರ ಹತ್ತಿರ ಹೋದರು. ವಕೀಲರು ಜೊತೆಗೂಡಿದರು. 1970ರಲ್ಲಿ ಅಬೊರಿಜಿನಲ್ ಲೀಗಲ್ ಸರ್ವಿಸ್ ಶುರುವಾಯಿತು. ಆಸ್ಟ್ರೇಲಿಯಾದಲ್ಲಿ ಅಂಗಡಿ ಮಳಿಗೆಯಲ್ಲಿ ಕೂತು ಬಡವರಿಗೆ ಪುಕ್ಕಟೆ ಕಾನೂನು ನೆರವು ಕೊಟ್ಟ ಮೊದಲ ಸಂಸ್ಥೆ ಇದೇ.

ಮರುವರ್ಷ, 1971ರಲ್ಲಿ, ಇನ್ನೊಂದು ಅಂಗಡಿಯಲ್ಲಿ ಅಬೊರಿಜಿನಲ್ ಮೆಡಿಕಲ್ ಸರ್ವಿಸ್ ತೆರೆಯಿತು. ಆಸ್ಪತ್ರೆಗೆ ಹೋದರೆ ಅವಮಾನ ಅಂತ ಕಾಯಿಲೆ ಮುಚ್ಚಿಟ್ಟುಕೊಳ್ಳುವ ಜನ ಅಲ್ಲಿಗೆ ಬಂದರು. ವೈದ್ಯರು ಮೊದಮೊದಲು ಸಂಬಳವಿಲ್ಲದೆ ಬಂದರು. ಕಣ್ಣಿನ ವೈದ್ಯರಾಗಿ ಆಮೇಲೆ ಹೆಸರಾದ ಫ್ರೆಡ್ ಹಾಲೋಸ್ ಅವರಲ್ಲೊಬ್ಬರು. ಆದರೆ ಯಜಮಾನಿಕೆ ವೈದ್ಯರದ್ದಲ್ಲ, ಸಮುದಾಯದ್ದು. ಇಂದು ಆಸ್ಟ್ರೇಲಿಯಾದಲ್ಲಿ ಇದೇ ಮಾದರಿಯ 140ಕ್ಕೂ ಹೆಚ್ಚು ಆರೋಗ್ಯ ಸಂಸ್ಥೆಗಳಿವೆ. ಎಲ್ಲಕ್ಕೂ ಹಿರಿಯಕ್ಕ ರೆಡ್‌ಫರ್ನ್.

ಇಲ್ಲಿ ಶರ್ಲಿ ಸ್ಮಿತ್ ಅವರ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಅವರನ್ನು ಎಲ್ಲರೂ 'ಮಮ್ ಶರ್ಲ್' ಅಂತಾರೆ, ಅಂದರೆ ಶರ್ಲಮ್ಮ. ಆ ಹೆಸರು ಬಂದದ್ದು ಜೈಲಿನಿಂದ. ಮೊದಲು ಅಣ್ಣತಮ್ಮಂದಿರಲ್ಲಿ ಒಬ್ಬರನ್ನು ನೋಡಲು ಜೈಲಿಗೆ ಹೋಗುತ್ತಿದ್ದರು. ಅವರು ಬಿಡುಗಡೆಯಾದ ಮೇಲೂ ಹೋಗುವುದನ್ನು ನಿಲ್ಲಿಸಲಿಲ್ಲ, ಬೇರೆ ಕೈದಿಗಳನ್ನು ನೋಡತೊಡಗಿದರು. ಕೈದಿಗೆ ನೀವೇನಾಗಬೇಕು ಎಂದು ಅಧಿಕಾರಿಗಳು ಕೇಳಿದರೆ ಒಂದೇ ಉತ್ತರ: ನಾನು ಅವನ ಅಮ್ಮ. ಇವನಿಗೂ ಅಮ್ಮ, ಅವನಿಗೂ ಅಮ್ಮ. ಯಾರ ಮನೆಯವನು ಎಂಬ ಪ್ರಶ್ನೆಗೆ ಉತ್ತರವಿಲ್ಲದವರಿಗೆ ಆಯಮ್ಮ ತಾವೇ ಉತ್ತರವಾಗಿ ನಿಂತುಬಿಟ್ಟರು. ಲೀಗಲ್ ಸರ್ವಿಸ್, ಮೆಡಿಕಲ್ ಸರ್ವಿಸ್ ಎರಡನ್ನೂ ಕಟ್ಟಿದವರಲ್ಲಿ ಅವರೂ ಇದ್ದರು.

ಆಮೇಲೆ ಒಂದರ ಹಿಂದೆ ಒಂದು. 1972ರಲ್ಲಿ ನ್ಯಾಷನಲ್ ಬ್ಲ್ಯಾಕ್ ಥಿಯೇಟರ್. ಹೆಂಗಸರು ಸೇರಿ ಮಕ್ಕಳಿಗೆ ಬೆಳಗಿನ ತಿಂಡಿ ಕೊಡುತ್ತಾ ಬೆಳೆಸಿದ ಮುರವಿನ ಎಂಬ ಶಿಶುವಿಹಾರ. 1973ರಲ್ಲಿ ಕೇಂದ್ರ ಸರ್ಕಾರದ ಹಣದಿಂದ ಮನೆಗಳನ್ನು ಕೊಂಡ ಅಬೊರಿಜಿನಲ್ ಹೌಸಿಂಗ್ ಕಂಪನಿ. ಆ ಮನೆಗಳ ಓಣಿಗಳಿಗೇ 'ದ ಬ್ಲಾಕ್' ಎಂಬ ಹೆಸರು.

ಮಾತು ಬಿಟ್ಟ ಎರಡು ಮನೆ

ಮೂಲನಿವಾಸಿಗಳಿಗೂ ಉಳಿದ ಆಸ್ಟ್ರೇಲಿಯಾಕ್ಕೂ ನಡುವೆ ಆಗಬೇಕಾದದ್ದಕ್ಕೆ ಅಲ್ಲಿ ರೀಕನ್ಸಿಲಿಯೇಷನ್ ಅಂತಾರೆ. ಆ ಪದಕ್ಕೆ ಕನ್ನಡದಲ್ಲಿ ಏನು ಹೇಳಬೇಕು ಎಂದು ತುಂಬಾ ಯೋಚಿಸಿದೆ. 'ರಾಜಿ' ಅಂದರೆ ಕೋರ್ಟಿನ ವಾಸನೆ. 'ಸಾಮರಸ್ಯ' ಅಂದರೆ ಭಾಷಣ. ಹಳ್ಳಿ ಕಡೆ ಎರಡು ಮನೆಯವರು ಜಗಳವಾಡಿ ದೂರವಾದರೆ 'ಮಾತು ಬಿಟ್ಟಿದ್ದಾರೆ' ಅಂತೀವಿ. ಎಷ್ಟೋ ವರ್ಷದ ಮೇಲೆ ಒಂದು ಸಾವಿಗೋ ಮದುವೆಗೋ ಒಬ್ಬರು ಹೊಸಿಲು ದಾಟಿ ಬಂದರೆ 'ಮಾತು ಶುರುವಾಯ್ತು' ಅಂತೀವಿ. ಇದೇ ಹತ್ತಿರದ ಮಾತು ಅನಿಸುತ್ತೆ. ಇದರಲ್ಲಿ ಒಂದು ಕಟ್ಟುಪಾಡಿದೆ: ತಪ್ಪು ಮಾಡಿದವರು ಹೋಗಬೇಕು, ನೊಂದವರ ಮನೆಗೆ.

1992ರ ಡಿಸೆಂಬರ್ 10ರಂದು ಪ್ರಧಾನಿ ಪಾಲ್ ಕೀಟಿಂಗ್ ಹೀಗೆ ರೆಡ್‌ಫರ್ನ್ ಪಾರ್ಕಿಗೆ ಬಂದರು. ನೆಲ ಕಿತ್ತುಕೊಂಡದ್ದು ನಾವು, ಕೊಂದದ್ದು ನಾವು, ಮಕ್ಕಳನ್ನು ತಾಯಂದಿರಿಂದ ಬೇರೆ ಮಾಡಿದ್ದು ನಾವು ಎಂದು ಅಲ್ಲಿ ನಿಂತು ಹೇಳಿದರು. ಮೊದಲು ಜನ ಕೂಗಾಡುತ್ತಿದ್ದರು, ಆಮೇಲೆ ಕಿವಿಗೊಟ್ಟರು. ಪಾರ್ಲಿಮೆಂಟಿನಲ್ಲಿ ಅಧಿಕೃತ ಕ್ಷಮೆ ಬಂದದ್ದು ಇನ್ನೂ ಹದಿನೈದು ವರ್ಷ ಕಳೆದು, 2008ರ ಫೆಬ್ರುವರಿ 13ರಂದು, ಕೆವಿನ್ ರಡ್ ಅವರಿಂದ. ಆ ದಿನ ರೆಡ್‌ಫರ್ನ್‌ನಲ್ಲಿ ಜನ ತಮ್ಮ ತಮ್ಮ ಮನೆಯ ಟಿವಿ ಮುಂದೆ ಕೂರಲಿಲ್ಲ. ಬ್ಲಾಕ್‌ನ ಕಮ್ಯುನಿಟಿ ಸೆಂಟರ್ ಹತ್ತಿರ ದೊಡ್ಡ ಪರದೆಯ ಮುಂದೆ ಸೇರಿದರು. ಇಂಥ ಮಾತನ್ನು ಒಬ್ಬರೇ ಕೂತು ಕೇಳುವುದು ಕಷ್ಟ, ಅಲ್ವಾ?

ಈ ಎರಡು ದಿನಗಳ ಮಧ್ಯೆ 2004 ಇದೆ. ಆ ವರ್ಷದ ಫೆಬ್ರುವರಿ 14ರಂದು 17 ವರ್ಷದ ಟಿ.ಜೆ. ಹಿಕಿ ಸೈಕಲ್‌ನಿಂದ ಬೇಲಿಯ ಚೂಪು ಕಂಬಿಗಳ ಮೇಲೆ ಬಿದ್ದ. ಅವನು ಉಳಿಯಲಿಲ್ಲ. ಪೊಲೀಸರು ಅಟ್ಟಿಸಿಕೊಂಡು ಬಂದದ್ದರಿಂದಲೇ ಹೀಗಾಯಿತು ಎಂದು ಕುಟುಂಬ ಹೇಳಿತು. ಪೊಲೀಸರು ಅಲ್ಲ ಎಂದರು, ಸಾವಿನ ಕಾರಣದ ತನಿಖೆ ನಡೆಸಿದ ಅಧಿಕಾರಿ, ಅಂದರೆ ಕೊರೊನರ್ ಕೂಡ ಪೊಲೀಸರ ತಪ್ಪಿಲ್ಲ ಎಂದರು. ಮರುದಿನ ರಾತ್ರಿ ರೈಲು ನಿಲ್ದಾಣದ ಎದುರು ಗಂಟೆಗಟ್ಟಲೆ ಕಲ್ಲು, ಬಾಟಲಿ, ಬೆಂಕಿ. ಸುಮಾರು 40 ಪೊಲೀಸರಿಗೆ ಗಾಯ. ಊರೂ ಪೊಲೀಸ್ ಠಾಣೆಯೂ ಪೂರ್ತಿ ಮಾತು ಬಿಟ್ಟವು.

ಬೆಳಿಗ್ಗೆ ಆರು ಗಂಟೆ

ಇದಾಗಿ ಐದು ವರ್ಷಕ್ಕೆ, 2009ರಲ್ಲಿ, ಇಬ್ಬರು ಒಂದು ಕೆಲಸಕ್ಕೆ ಕೈ ಹಾಕಿದರು. ಒಬ್ಬರು ಶೇನ್ ಫಿಲಿಪ್ಸ್, ಅಲ್ಲೇ ಬೆಳೆದವರು, ಟ್ರೈಬಲ್ ವಾರಿಯರ್ ಎಂಬ ಸಂಸ್ಥೆ ನಡೆಸುವವರು. 1998ರಲ್ಲಿ ಹುಟ್ಟಿದ ಈ ಸಂಸ್ಥೆ ಅಬೊರಿಜಿನಲ್ ಹುಡುಗರಿಗೆ ಹಡಗಿನ ಕೆಲಸ ಕಲಿಸುತ್ತದೆ. ಇನ್ನೊಬ್ಬರು ರೆಡ್‌ಫರ್ನ್ ಪೊಲೀಸ್ ಮುಖ್ಯಸ್ಥರಾಗಿದ್ದ ಲ್ಯೂಕ್ ಫ್ರಾಯ್ಡನ್‌ಸ್ಟೈನ್. ಕಾರ್ಯಕ್ರಮದ ಹೆಸರು ಕ್ಲೀನ್ ಸ್ಲೇಟ್ ವಿದೌಟ್ ಪ್ರಿಜುಡಿಸ್. ಸ್ಲೇಟು ಒರೆಸಿ ಹೊಸದಾಗಿ ಬರೆಯೋಣ ಎಂಬ ಅರ್ಥ.

ಮಾಡಿದ್ದು ಇಷ್ಟೇ. ವಾರಕ್ಕೆ ಮೂರು ದಿನ, ಬೆಳಿಗ್ಗೆ ಆರಕ್ಕೆ ಬಾಕ್ಸಿಂಗ್ ತಾಲೀಮು. ಠಾಣೆಯ ಪುಸ್ತಕದಲ್ಲಿ ಹೆಸರಿದ್ದ ಹುಡುಗರೂ ಬರಬೇಕು, ಪೊಲೀಸರೂ ಬರಬೇಕು. 2010ರಲ್ಲಿ ಎನ್‌ಸಿಐಇ ತೆರೆದ ಮೇಲೆ ಅದರ ಜಿಮ್ ಈ ತಾಲೀಮಿನ ಮನೆಯಾಯಿತು.

ಸಮಯವನ್ನು ಗಮನಿಸಿ. ಆರಕ್ಕೆ ಗ್ಲವ್ಸ್ ಕಟ್ಟಬೇಕಾದ ಹುಡುಗ ರಾತ್ರಿ ಎರಡಕ್ಕೆ ಬೀದಿಯಲ್ಲಿ ಇರಲಾರ. ತಾಲೀಮು ಮುಗಿದರೆ ಶಾಲೆಗೋ ಕೆಲಸಕ್ಕೋ ಹೋಗಲು ಸರಿಹೊತ್ತು. ನಮ್ಮ ಹಳೇ ಗರಡಿ ಮನೆಗಳಿಗೂ ಈ ಗುಟ್ಟು ಗೊತ್ತಿತ್ತು. ಇನ್ನೊಂದು ವಿಷಯ, ಜಿಮ್‌ನಲ್ಲಿ ಯೂನಿಫಾರ್ಮ್ ಇಲ್ಲ. ಬೆವರಿದ ಟಿ-ಶರ್ಟ್‌ನಲ್ಲಿ ಪಕ್ಕದಲ್ಲಿ ಏದುಸಿರು ಬಿಡುವ ಮನುಷ್ಯ ಮೊದಲು ಮನುಷ್ಯನಾಗಿ ಕಾಣುತ್ತಾನೆ. ನಿನ್ನೆ ಯಾಕೆ ಬರಲಿಲ್ಲ ಅಂತ ಕೇಳುತ್ತಾನೆ.

ದರೋಡೆ ಪ್ರಕರಣಗಳು ಬಹಳ ಇಳಿದವು ಎಂದು ಪೊಲೀಸರೇ ಹೇಳಿದರು. 2013ರಲ್ಲಿ ಶೇನ್ ಫಿಲಿಪ್ಸ್ ಅವರಿಗೆ ಆಸ್ಟ್ರೇಲಿಯಾದ 'ಲೋಕಲ್ ಹೀರೊ' ಗೌರವ ಸಿಕ್ಕಿತು. ನಾನು ಮಾತ್ರ ಪೂರ್ತಿ ಶ್ರೇಯಸ್ಸನ್ನು ಬಾಕ್ಸಿಂಗ್‌ಗೆ ಕೊಡಲಾರೆ. ಅದೇ ವರ್ಷಗಳಲ್ಲಿ ಬ್ಲಾಕ್‌ನ ಹಳೆ ಮನೆಗಳನ್ನು ಕೆಡವಿದರು. ಬಾಡಿಗೆ ಏರಿತು. ಎಷ್ಟೋ ಕುಟುಂಬಗಳು ದೂರದ ಬಡಾವಣೆಗಳಿಗೆ ಹೋದವು. ಊರೇ ಖಾಲಿಯಾದರೆ ಅಪರಾಧವೂ ಇಳಿಯುತ್ತದೆ. ಎರಡನ್ನೂ ಬೇರೆ ಮಾಡಿ ತೂಗುವುದು ಸುಲಭವಲ್ಲ.

ಆದರೆ ಒಂದು ಸ್ಪಷ್ಟ. ಇದನ್ನು ಠಾಣೆಯಲ್ಲಿ ನಡೆಸಿದ್ದರೆ ಯಾವ ಹುಡುಗನೂ ಕಾಲಿಡುತ್ತಿರಲಿಲ್ಲ. ಹುಡುಗರ ಜಾಗಕ್ಕೆ ಪೊಲೀಸರು ಬಂದರು. ಅಲ್ಲಿನ ಶಿಸ್ತು ಅಲ್ಲಿನ ಹಿರಿಯರದ್ದು. ಹೊಸಿಲು ದಾಟಲು ಮೊದಲು ಹೊಸಿಲು ಇರುವ ಒಂದು ಮನೆ ಬೇಕಲ್ವಾ? ಅಂಗಡಿ ಮುಂಗಟ್ಟಿನ ಕಾಲದಿಂದ ರೆಡ್‌ಫರ್ನ್ ಕಟ್ಟಿಕೊಂಡು ಬಂದದ್ದು ಅದನ್ನೇ.

ಶಾಲೆಯ ಜಾಗ, ಕೇಂದ್ರದ ಖರ್ಚು

ಎನ್‌ಸಿಐಇ ಇರುವ ಜಾಗ ಹಳೇ ರೆಡ್‌ಫರ್ನ್ ಪಬ್ಲಿಕ್ ಸ್ಕೂಲಿನದು. ಇದನ್ನು ಸುಮ್ನೆ ಹೇಳುತ್ತಿಲ್ಲ. ನ್ಯೂ ಸೌತ್ ವೇಲ್ಸ್‌ನಲ್ಲಿ ಅಬೊರಿಜಿನಲ್ ಮಗುವನ್ನು ಸರ್ಕಾರಿ ಶಾಲೆಗೆ ಸೇರಿಸದೇ ಇರಲು ಹೆಡ್‌ಮಾಸ್ಟರಿಗೆ ಇದ್ದ ಅಧಿಕಾರ 1972ರವರೆಗೂ ನಿಯಮಪುಸ್ತಕದಲ್ಲಿತ್ತು. ಅಂಥ ರಾಜ್ಯದ ಒಂದು ಶಾಲೆಯ ಜಾಗವನ್ನು ಕೊಂಡು ಕೇಂದ್ರ ಮಾಡಿದ್ದು ಇಂಡಿಜೀನಸ್ ಲ್ಯಾಂಡ್ ಕಾರ್ಪೊರೇಷನ್. ನೆಲ ಕಳೆದುಕೊಂಡವರಿಗೆ ನೆಲ ಕೊಂಡುಕೊಡಲೆಂದು 1995ರಲ್ಲಿ ಹುಟ್ಟಿದ ಕೇಂದ್ರ ಸರ್ಕಾರದ ಸಂಸ್ಥೆ ಅದು. ದೂರದ ಊರುಗಳಿಂದ ಬರುವ ಅಬೊರಿಜಿನಲ್ ಮಕ್ಕಳಿಗೆ ಉಳಿಯಲು ಕೋಣೆಗಳನ್ನೂ ಕಟ್ಟಿಸಿತು. ಜಿಮ್‌ಗೆ ಅಬೊರಿಜಿನಲ್ ಅಲ್ಲದ ಅಕ್ಕಪಕ್ಕದವರೂ ದುಡ್ಡು ಕೊಟ್ಟು ಬರುತ್ತಿದ್ದರು. ಹೊಸದಾಗಿ ಬಂದ ಆಫೀಸು ಜನರೂ ಹಳೇ ರೆಡ್‌ಫರ್ನ್‌ನವರೂ ಒಂದೇ ಈಜುಕೊಳದಲ್ಲಿ ಇಳಿಯುತ್ತಿದ್ದರು.

ಈಜುಕೊಳದ ನೀರು ಬಿಸಿ ಮಾಡುವುದಕ್ಕೂ ದುಡ್ಡು ಬೇಕು. ಮೆಂಬರ್‌ಶಿಪ್ ಹಣದಿಂದ ಇಡೀ ಕೇಂದ್ರ ನಡೆಯುವಂತಿರಲಿಲ್ಲ. ಕೊರತೆ ತುಂಬುತ್ತಿದ್ದದ್ದು ಕಾರ್ಪೊರೇಷನ್. 2022ರಲ್ಲಿ ಜಾಗ ಲ್ಯಾಂಡ್ ಕೌನ್ಸಿಲ್‌ಗೆ ಹೋದಾಗ ಪ್ರಶ್ನೆ ಎದ್ದಿತು: ಇನ್ನು ಮುಂದೆ ಆ ಕೊರತೆ ಯಾರದ್ದು? ಮಾತುಕತೆ ಮುರಿಯಿತು. ಅದರ ಫಲವೇ ಆ ಸೋಮವಾರದ ಗಡುವು.

ಇಲ್ಲಿ ಖಳನಾಯಕನನ್ನು ಹುಡುಕಲು ಹೋದರೆ ನಿರಾಶೆಯಾಗುತ್ತದೆ. ಎರಡೂ ಕಡೆ ಆಡಳಿತ ಮಂಡಳಿಯಲ್ಲಿ ಮೂಲನಿವಾಸಿಗಳೇ ಇದ್ದರು. ಎರಡೂ ಕಡೆಯ ಲೆಕ್ಕಕ್ಕೆ ಅದರದ್ದೇ ಅರ್ಥವಿತ್ತು. ಲೆಕ್ಕದ ಪುಸ್ತಕದಲ್ಲಿ ಜಿಮ್ ಎಂದರೆ ಜಿಮ್, ನಷ್ಟದ ವ್ಯಾಪಾರ. ಬೆಳಿಗ್ಗೆ ಆರರ ತಾಲೀಮಿಗೆ, ಮೂರೂವರೆಗೆ ಬ್ಯಾಗ್ ಎಸೆದು ಬಾಲ್ ಹಿಡಿಯುವ ಮಕ್ಕಳಿಗೆ ಅಲ್ಲಿ ಯಾವ ಕಾಲಂ ಇರುತ್ತದೆ? ಕಾನೂನು ನೆರವು, ಆಸ್ಪತ್ರೆ ಇವಕ್ಕೆ ಸರ್ಕಾರದ ಅನುದಾನದಲ್ಲಿ ಒಂದು ಹೆಸರು ಇದೆ. 'ಸುಮ್ನೆ ಬಂದು ಕೂರುವ ಜಾಗ' ಎಂಬ ಹೆಸರಿನ ಅನುದಾನ ಎಲ್ಲೂ ಇಲ್ಲ.

ಸುದ್ದಿ ಹರಡಿದ ಕೂಡಲೇ ಜನ ಅಂಗಳದಲ್ಲಿ ಸೇರಿದರು. ಹಿರಿಯರು ಬಂದರು, ಮಕ್ಕಳು ಕೈಯಲ್ಲಿ ಬರೆದ ರಟ್ಟು ಹಿಡಿದು ಬಂದರು, ಜಿಮ್‌ಗೆ ಬರುತ್ತಿದ್ದ ಅಕ್ಕಪಕ್ಕದವರೂ ಬಂದರು. ಸಹಿ ಸಂಗ್ರಹ ನಡೆಯಿತು. ರಾಜಕಾರಣಿಗಳ ಮೇಲೆ ಒತ್ತಡ ಬಿತ್ತು. ಕೆಲವೇ ದಿನಗಳಲ್ಲಿ ಎರಡೂ ಸಂಸ್ಥೆಗಳು ಮತ್ತೆ ಮೇಜಿಗೆ ಬಂದವು. ಬಾಗಿಲು ಹಾಕುವುದು ತಪ್ಪಿತು.

ಆ ವಾರ ನನಗೆ ಮುಖ್ಯ ಅನಿಸಿದ್ದು ಗೆದ್ದದ್ದಲ್ಲ, ಯಾರೆಲ್ಲ ಬಂದರು ಅನ್ನೋದು. 1970ರಲ್ಲಿ ನೋಟ್‌ಬುಕ್ ಹಿಡಿದು ನಿಂತಾಗ ಅವರ ಪರವಾಗಿ ಒಂದಷ್ಟು ವಕೀಲರು, ಒಬ್ಬ ಪ್ರೊಫೆಸರ್ ಇದ್ದರು. 2022ರಲ್ಲಿ ಪಕ್ಕದ ಟ್ರೆಡ್‌ಮಿಲ್‌ನವರು ಬಂದು ನಿಂತಿದ್ದರು.

ಇನ್ನೂ ಉಳಿದದ್ದು

ಇದನ್ನೆಲ್ಲ ಓದಿ ರೆಡ್‌ಫರ್ನ್ ಸರಿಹೋಯಿತು ಅಂದುಕೊಳ್ಳಬೇಡಿ. ಬ್ಲಾಕ್‌ನಲ್ಲಿ ಈಗ ಅಬೊರಿಜಿನಲ್ ಕುಟುಂಬಗಳಿಗೆ 62 ಮನೆಗಳಿವೆ. ಅದರ ಜೊತೆಗೇ 24 ಅಂತಸ್ತಿನ ವಿದ್ಯಾರ್ಥಿ ವಸತಿ ಕಟ್ಟಡವೂ ಎದ್ದಿದೆ. ಮೊದಲು ಮನೆ ಕಟ್ಟಿ, ಆಮೇಲೆ ಉಳಿದದ್ದು ಎಂದು ಹಟ ಹಿಡಿದ ಹಿರಿಯರು 2014ರಲ್ಲಿ ಅಲ್ಲೇ ಟೆಂಟ್ ಹಾಕಿ ಒಂದು ವರ್ಷಕ್ಕೂ ಹೆಚ್ಚು ಕಾಲ ಕೂತಿದ್ದರು. 2023ರ ಅಕ್ಟೋಬರ್ 14ರಂದು, ಪಾರ್ಲಿಮೆಂಟಿಗೆ ಸಲಹೆ ಕೊಡುವ ಮೂಲನಿವಾಸಿಗಳ ಮಂಡಳಿಯೊಂದನ್ನು ಸಂವಿಧಾನಕ್ಕೆ ಸೇರಿಸೋಣವೇ ಎಂದು ಕೇಳಿದಾಗ ದೇಶದ ಶೇ. 60ರಷ್ಟು ಜನ ಬೇಡ ಎಂದರು. ರೆಡ್‌ಫರ್ನ್ ಸೇರಿರುವ ಸಿಡ್ನಿ ಕ್ಷೇತ್ರ ಬೇಕು ಎಂದಿತು.

ಆ ಬೇಲಿಯ ಜಗಳವೂ ಇದೆ. ಹಿಕಿ ಬಿದ್ದ ಜಾಗದಲ್ಲಿ ಒಂದು ನೆನಪಿನ ಫಲಕ ಇಡಬೇಕು, ಅದರಲ್ಲಿ ಪೊಲೀಸರು ಬೆನ್ನಟ್ಟಿದ್ದು ಎಂಬ ಮಾತು ಇರಬೇಕು ಎಂದು ಮನೆಯವರು ಕೇಳಿದರು. ಫಲಕಕ್ಕೆ ಅಧಿಕಾರಿಗಳ ಅಡ್ಡಿಯಿರಲಿಲ್ಲ, ಆ ಮಾತಿಗೆ ಇತ್ತು. ವರ್ಷಗಟ್ಟಲೆ ಒಂದೇ ಒಂದು ಮಾತಿಗಾಗಿ ಎಳೆದಾಡಿದರು. ಪೊಲೀಸರೂ ಹುಡುಗರೂ ಬೆಳಿಗ್ಗೆ ಆರಕ್ಕೆ ಒಟ್ಟಿಗೆ ಗ್ಲವ್ಸ್ ಕಟ್ಟಿದ ಊರಿನಲ್ಲೇ, ಪ್ರತಿ ಫೆಬ್ರುವರಿ 14ಕ್ಕೆ, ಅವನ ಮನೆಯವರು ಆ ಬೇಲಿಯ ಹತ್ತಿರ ಸೇರಿ ಮೆರವಣಿಗೆ ಹೊರಡುತ್ತಾರೆ.